ಹಲ್ಲಿನ ಕ್ಯಾಪ್ ಮತ್ತು ಕೂದಲೆಳೆಯ ಸಂದು

ಹಲ್ಲಿಗೆ ಕ್ಯಾಪ್ ಹಾಕಿಸಬೇಕಾಗಿ ಬಂದವರ ಮುಂದೆ ದಂತವೈದ್ಯರು ಸಾಮಾನ್ಯವಾಗಿ ಒಂದು ಪಟ್ಟಿ ಇಡುತ್ತಾರೆ. ಬರೀ ಲೋಹದ್ದು ಇಷ್ಟು, ಲೋಹದ ಮೇಲೆ ಸೆರಾಮಿಕ್ ಕೂರಿಸಿದ್ದು ಇಷ್ಟು, ಜಿರ್ಕೋನಿಯಾ ಆದರೆ ಇಷ್ಟು. ಇದಕ್ಕೆ ಇಷ್ಟು ವರ್ಷದ ವಾರಂಟಿ, ಅದಕ್ಕೆ ಅಷ್ಟು ವರ್ಷದ್ದು. ನಾವು ಕಿಸೆ ನೋಡಿಕೊಂಡು ಒಂದನ್ನು ಆರಿಸುತ್ತೇವೆ. ಕ್ಯಾಪ್‌ನ ಆಯುಷ್ಯವನ್ನು ಬಹುಮಟ್ಟಿಗೆ ತೀರ್ಮಾನಿಸುವ ಒಂದು ಸಂಗತಿ ಮಾತ್ರ ಆ ಪಟ್ಟಿಯಲ್ಲಿ ಇರುವುದಿಲ್ಲ. ಕ್ಯಾಪ್‌ನ ಅಂಚು ಹಲ್ಲಿನ ಅಂಚಿಗೆ ಎಷ್ಟು ಹತ್ತಿರ ಹೋಗಿ ಕೂರುತ್ತದೆ ಎಂಬುದೇ ಆ ಸಂಗತಿ. ಎರಕದ ಕ್ಯಾಪ್‌ನಲ್ಲಿ ಅದು ನಿರ್ಧಾರವಾಗುವುದು ವೈದ್ಯರ ಕುರ್ಚಿಯಲ್ಲಷ್ಟೇ ಅಲ್ಲ. ನಾವು ಕಾಣದ ಒಂದು ಲ್ಯಾಬಿನಲ್ಲಿ, ಮೇಣದ ಸುತ್ತ ಬಿಳಿಯ ಹಿಟ್ಟು ಕಲಸಿ ಸುರಿಯುವ ಕೆಲವು ನಿಮಿಷಗಳಲ್ಲಿ ಮತ್ತು ಅದನ್ನು ಕುಲುಮೆಗಿಟ್ಟು ಕಾಯುವ ಹೊತ್ತಿನಲ್ಲಿ. ಆ ನಿಮಿಷಗಳಿಗೆ ನಾವು ಬೆಲೆ ಕೊಡುತ್ತಿಲ್ಲ ಎಂಬುದು ನನ್ನ ವಾದ.

ನಮ್ಮಲ್ಲಿ ಕ್ಯಾಪ್ ಹೆಚ್ಚಾಗಿ ಕೂರುವುದು ರೂಟ್ ಕೆನಾಲ್ ಆದ ದವಡೆ ಹಲ್ಲಿನ ಮೇಲೆ. ಅದರ ನರ ತೆಗೆದಾಗಿದೆ, ನೋವು ಹೇಳುವ ಶಕ್ತಿ ಅದಕ್ಕಿಲ್ಲ. ಅಂಚಿನಲ್ಲಿ ಸಂದು ಉಳಿದರೆ ಅಲ್ಲಿ ಕಾಣಿಸಿಕೊಳ್ಳುವ ಸಿಮೆಂಟ್ ಎಂಜಲಿನಲ್ಲಿ ನಿಧಾನಕ್ಕೆ ಕರಗುತ್ತದೆ, ಆ ಜಾಗಕ್ಕೆ ಅನ್ನದ ಅಗುಳಿನ ಜೊತೆ ಕ್ರಿಮಿಗಳು ಸೇರುತ್ತವೆ, ಒಳಗೇ ಹುಳುಕು ಹಬ್ಬುತ್ತದೆ. ಒಸಡು ಕೆಂಪಾಗಿ ಉಬ್ಬಿ, ಹಲ್ಲುಜ್ಜುವಾಗ ರಕ್ತ ಬರಬಹುದು; ಎಷ್ಟೋ ಜನಕ್ಕೆ ಅದೂ ಗೊತ್ತಾಗುವುದಿಲ್ಲ. ಒಂದು ದಿನ ಚಕ್ಕುಲಿ ಕಡಿದಾಗ ಕ್ಯಾಪ್ ಕಳಚಿ ಕೈಗೆ ಬರುತ್ತದೆ, ಅದರೊಳಗೆ ಕಪ್ಪಾಗಿ ಮೆತ್ತಗಾದ ಹಲ್ಲಿನ ಮೋಟೂ ಇರುತ್ತದೆ. ಆಗ ಎಲ್ಲರೂ ಬೈಯುವುದು ಕ್ಯಾಪ್‌ನ ವಸ್ತುವನ್ನು.

ಸಂದು ಎಂದರೆ ಎಷ್ಟು ಎಂಬುದಕ್ಕೆ ದಂತವಿಜ್ಞಾನದಲ್ಲಿ ಒಂದು ಲೆಕ್ಕ ಇದೆ. 1971ರಲ್ಲಿ ಮೆಕ್ಲೀನ್ ಮತ್ತು ಫಾನ್ ಫ್ರೌನ್‌ಹೋಫರ್ ಎಂಬ ಇಬ್ಬರು ಸಾವಿರಕ್ಕೂ ಹೆಚ್ಚು ಕ್ಯಾಪ್ ಮುಂತಾದವನ್ನು ಐದು ವರ್ಷಗಳ ಅವಧಿಯಲ್ಲಿ ಪರೀಕ್ಷಿಸಿ, ಅಂಚಿನ ಸಂದು 120 ಮೈಕ್ರಾನ್ ಮೀರಬಾರದು ಎಂದರು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಇಂದಿಗೂ ಸಂಶೋಧನಾ ಪ್ರಬಂಧಗಳಲ್ಲಿ ಎಲ್ಲೆಡೆ ಉಲ್ಲೇಖವಾಗುವ ಗೆರೆ ಇದೇ 120. ಅಂಟಿಸುವ ಸಿಮೆಂಟಿನ ಪದರ 25 ಮೈಕ್ರಾನ್ ಮೀರಬಾರದೆಂಬ ಮಾನದಂಡವನ್ನು ನೋಡಿದರೆ ಗುರಿ ಇನ್ನೂ ಕಿರಿದು. ಕೂದಲೆಳೆ ನುಗ್ಗದ ಹಾಗೆ ಲೋಹವನ್ನು ಎರೆಯಬೇಕು ಎನ್ನುವುದು ಇಲ್ಲಿ ಅಲಂಕಾರದ ಮಾತಲ್ಲ, ಅಳತೆ.

ಇದು ಇಷ್ಟು ಕಠಿಣವಾಗುವುದಕ್ಕೆ ರೇಖಾಗಣಿತವೂ ಕಾರಣ. ಕ್ಯಾಪ್‌ಗಾಗಿ ತೇಯ್ದ ಹಲ್ಲು ಮೇಲೆ ಕಿರಿದಾಗುತ್ತಾ, ಬುಡದಲ್ಲಿ ಅಗಲವಾಗಿರುತ್ತದೆ. ಬೋರಲು ಹಾಕಿದ ಒಂದು ಲೋಟದ ಮೇಲೆ ಇನ್ನೊಂದನ್ನು ಬೋರಲು ಹಾಕಿ ನೋಡಿ: ಮೇಲಿನ ಲೋಟ ಅಗಲದಲ್ಲಿ ಕೊಂಚವೇ ಕಿರಿದಾದರೂ ಸಾಕು, ಬೆರಳಗಲ ಮೇಲೆಯೇ ಸಿಕ್ಕಿಕೊಂಡು ನಿಲ್ಲುತ್ತದೆ. ಹಲ್ಲಿನ ಗೋಡೆ ಪ್ರತಿ ಬದಿಯಲ್ಲೂ 3 ಡಿಗ್ರಿ ಒಳವಾಲಿದ್ದರೆ, ಬದಿಯಲ್ಲಿ ಆಗುವ ಬಿಗಿತ ಅಂಚಿನಲ್ಲಿ ಸುಮಾರು 19 ಪಟ್ಟು ಸಂದಾಗಿ ಕಾಣಿಸುತ್ತದೆ. ಎಂದರೆ ಒಳಗೋಡೆ ಬದಿಗೆ 10 ಮೈಕ್ರಾನ್ ಬಿಗಿಯಾದರೆ ಅಂಚು ಸುಮಾರು 190 ಮೈಕ್ರಾನ್ ಮೇಲೆ ನಿಲ್ಲುತ್ತದೆ. ವಾಲು 6 ಡಿಗ್ರಿಯಾದರೂ ಸುಮಾರು 95. ಇದಕ್ಕಾಗಿಯೇ ಲ್ಯಾಬಿನಲ್ಲಿ ಹಲ್ಲಿನ ಪಡಿಯಚ್ಚಿಗೆ, ಅಂಚನ್ನು ಬಿಟ್ಟು, 25ರಿಂದ 40 ಮೈಕ್ರಾನ್ ದಪ್ಪದ ಬಣ್ಣದ ಲೇಪ ಹಚ್ಚಿ ಸಿಮೆಂಟಿಗೆ ಜಾಗ ಮಾಡುತ್ತಾರೆ. ‘ಟೈಟಾಗಿ ಕೂತಿದೆ, ಒಳ್ಳೆಯ ಕ್ಯಾಪ್’ ಎಂಬ ಮಾತು ಎಷ್ಟೋ ಸಲ ತಲೆಕೆಳಗಾದ ತೀರ್ಪು. ಬಿಗಿಯಾಗಿರುವುದೇ ಅದು ಪೂರ್ತಿ ಕೆಳಗೆ ಇಳಿಯದಿರುವುದಕ್ಕೆ ಕಾರಣವಾಗಿರಬಹುದು.

ಈಗ ಲೋಹದ ಕಡೆ ಬರೋಣ. ಕರಗಿದ ಲೋಹ ಆರುವಾಗ ಕುಗ್ಗುತ್ತದೆ. ದಂತವೈದ್ಯಕೀಯದ ಚಿನ್ನದ ಮಿಶ್ರಲೋಹ ಸುಮಾರು ಶೇ. 1.5ರಷ್ಟು, ನಿಕ್ಕಲ್-ಕ್ರೋಮಿಯಂ ಶೇ. 2ಕ್ಕೂ ಹೆಚ್ಚು. 10 ಮಿಲಿಮೀಟರ್ ಅಗಲದ ದವಡೆ ಹಲ್ಲಿನ ಕ್ಯಾಪ್‌ಗೆ ಇದು 150ರಿಂದ 200 ಮೈಕ್ರಾನ್ ದಾಟಿದ ಅಂತರ. ಹಿಂದಿನ ಲೆಕ್ಕಕ್ಕೆ ಇದನ್ನು ಸೇರಿಸಿದರೆ ಕ್ಯಾಪ್ ಹಲ್ಲಿನ ಮೇಲೆ ಇಳಿಯುವ ಪ್ರಶ್ನೆಯೇ ಇಲ್ಲ. ಆದ್ದರಿಂದ ಲೋಹ ಎಷ್ಟು ಕುಗ್ಗುತ್ತದೋ ಅಷ್ಟನ್ನೇ ಅಚ್ಚು ಮೊದಲು ಹಿಗ್ಗಿ ಒದಗಿಸಬೇಕು. ಕುಗ್ಗನ್ನೂ ಹಿಗ್ಗನ್ನೂ ಸರಿಸಮ ಮಾಡುವುದೇ ಈ ಕಸುಬಿನ ತಿರುಳು.

ಮೇಣ ಕರಗಿಸಿ ಎರೆಯುವ ವಿದ್ಯೆ ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ 12ನೇ ಶತಮಾನದ ಮೊದಲ ಭಾಗದಲ್ಲಿ ಇದನ್ನು ವಿವರವಾಗಿ ಹೇಳುತ್ತದೆ: ಮೇಣದ ಪ್ರತಿಮೆ ಮಾಡಿ, ಸುತ್ತ ಮಣ್ಣನ್ನು ಪದರ ಪದರವಾಗಿ ಬಳಿದು, ನೆರಳಲ್ಲಿ ಒಣಗಿಸಿ, ಕಾಯಿಸಿ ಮೇಣ ಹರಿಸಿ, ಆ ಟೊಳ್ಳಿಗೆ ಲೋಹ ಸುರಿಯುವುದು. ಬೆಳ್ಳಿಯಾದರೆ ಮೇಣದ ತೂಕದ 12 ಪಟ್ಟು, ಚಿನ್ನವಾದರೆ 16 ಪಟ್ಟು ಲೋಹ ತೆಗೆದುಕೊಳ್ಳಬೇಕು ಎಂಬ ಲೆಕ್ಕವೂ ಅಲ್ಲಿದೆ. ಇಂದಿನ ದಂತ ಲ್ಯಾಬಿನಲ್ಲೂ ಮೇಣವನ್ನು ತೂಗಿ, ಲೋಹದ ಸಾಂದ್ರತೆಯಿಂದ ಗುಣಿಸಿ, ಎಷ್ಟು ಲೋಹ ಬೇಕೆಂದು ಲೆಕ್ಕ ಹಾಕುವ ಕ್ರಮ ಇದೆ. ಎಂಟುನೂರು ವರ್ಷ ದಾಟಿದ ಲೆಕ್ಕ ಇನ್ನೂ ಕೆಲಸ ಮಾಡುತ್ತಿದೆ ಎಂಬುದು ನನಗೆ ನಿಜಕ್ಕೂ ಸಂತೋಷ ಕೊಡುವ ಸಂಗತಿ. ಆದರೆ ವಿಗ್ರಹ ನೂರಕ್ಕೆ ಒಂದೂವರೆ ಪಾಲು ಕುಗ್ಗಿದರೆ ಕಣ್ಣಿಗೆ ಕಾಣುವುದಿಲ್ಲ, ಪೂಜೆಗೂ ಕೊರತೆಯಿಲ್ಲ. ಕ್ಯಾಪ್‌ಗೆ ಆ ರಿಯಾಯಿತಿ ಇಲ್ಲ.

ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ ನಿಂತು ಯೋಚಿಸಿದರೆ ಈ ವ್ಯತ್ಯಾಸ ಇನ್ನಷ್ಟು ಸ್ಪಷ್ಟವಾಗುತ್ತದೆ. ಅಲ್ಲಿಂದ ನಡೆದು ಹೋಗುವಷ್ಟು ದೂರದ ನಗರ್ತಪೇಟೆಯ ಗಲ್ಲಿಗಳಲ್ಲಿ ಚಿನ್ನದ ಕೆಲಸಗಾರರು ಸಾಲಾಗಿ ಕೂತಿದ್ದಾರೆ. ಒಡವೆಯ ಎರಕಕ್ಕೂ ಬಳಸುವುದು ಮೇಣ, ಜಿಪ್ಸಂ ಬೆರೆತ ಬಿಳಿ ಹಿಟ್ಟು, ಕುಲುಮೆ. ಉಂಗುರ ಕುಗ್ಗಿದರೆ ಹಿಗ್ಗಿಸಬಹುದು, ಓಲೆಯ ಒರಟನ್ನು ಅರದಲ್ಲಿ ಉಜ್ಜಿ ಪಾಲಿಶ್ ಮಾಡಬಹುದು. ಒಡವೆಯಲ್ಲಿ ಮುಖ್ಯವಾದದ್ದು ಹೊರಮೈ. ಕ್ಯಾಪ್‌ನಲ್ಲಿ ಮುಖ್ಯವಾದದ್ದು ಒಳಮೈ. ಅದಕ್ಕೆ ಅರ ತಾಗಿಸಿದಷ್ಟೂ ಅಳತೆ ಕೆಡುತ್ತದೆ. ಇನ್ನೊಂದು ದಿಕ್ಕಿಗೆ ನಡೆದರೆ ಕೃಷ್ಣರಾಜ ಮಾರುಕಟ್ಟೆಯ ಹತ್ತಿರ, 1900ರಲ್ಲಿ ಆರಂಭವಾದ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲೇ, ಸರ್ಕಾರಿ ದಂತವೈದ್ಯಕೀಯ ಕಾಲೇಜು ಸಿಗುತ್ತದೆ. ಒಂದೇ ವಿದ್ಯೆಯ ಎರಡು ಕವಲು ಒಂದೇ ಪೇಟೆ ಸುತ್ತಿನಲ್ಲಿ ಇವೆ.

ದಂತವೈದ್ಯಕೀಯದಲ್ಲಿ ಮೇಣದ ಎರಕದ ಈ ವಿಧಾನವನ್ನು 1907ರಲ್ಲಿ ಜನಪ್ರಿಯಗೊಳಿಸಿದವರು ಅಮೆರಿಕದ ಇಲಿನಾಯ್ ರಾಜ್ಯದ ವಿಲಿಯಂ ಟ್ಯಾಗರ್ಟ್. ಅಲ್ಲಿಂದ ಮುಂದಿನ ಮೂರ್ನಾಲ್ಕು ದಶಕಗಳ ಸಂಶೋಧನೆ ಬಹುತೇಕ ಒಂದೇ ಪ್ರಶ್ನೆಯ ಸುತ್ತ ನಡೆಯಿತು: ಅಚ್ಚನ್ನು ಬೇಕಾದಷ್ಟೇ ಹಿಗ್ಗಿಸುವುದು ಹೇಗೆ? ಈ ಜ್ಞಾನ ಹಲ್ಲಿಗೇ ನಿಲ್ಲಲಿಲ್ಲ. ದಂತ ಮಿಶ್ರಲೋಹ ತಯಾರಿಸುತ್ತಿದ್ದ ಅಮೆರಿಕದ ಆಸ್ಟೆನಲ್ ಲ್ಯಾಬೊರೇಟರೀಸ್ ಎರಡನೇ ಮಹಾಯುದ್ಧದಲ್ಲಿ ಇದೇ ಕ್ರಮದಿಂದ ವಿಮಾನ ಎಂಜಿನ್ನುಗಳ ಸೂಪರ್‌ಚಾರ್ಜರ್ ಅಲಗುಗಳನ್ನು ಎರೆಯಿತು. ವಿಮಾನ ಕಟ್ಟುವ ಬೆಂಗಳೂರಿಗೆ ಈ ನಂಟು ನೆನಪಿರಲಿ. ಕ್ಯಾಪ್ ಎರೆಯುವುದು ಹಿತ್ತಲ ಕೆಲಸವಲ್ಲ, ಎಂಜಿನಿಯರಿಂಗ್.

ಅಚ್ಚಿನ ಹಿಟ್ಟಿಗೆ ಲ್ಯಾಬಿನವರು ಇನ್ವೆಸ್ಟ್‌ಮೆಂಟ್ ಎನ್ನುತ್ತಾರೆ. ಅದರ ಮುಖ್ಯ ಘಟಕ ಸಿಲಿಕಾ, ಕ್ವಾರ್ಟ್ಜ್ ಅಥವಾ ಕ್ರಿಸ್ಟೋಬಲೈಟ್ ರೂಪದಲ್ಲಿ. ಬಿಸಿಯಾದಾಗ ಕ್ರಿಸ್ಟೋಬಲೈಟ್ 200ರಿಂದ 270 ಡಿಗ್ರಿ ಸೆಲ್ಸಿಯಸ್ ನಡುವೆ, ಕ್ವಾರ್ಟ್ಜ್ 573 ಡಿಗ್ರಿಯಲ್ಲಿ ತಮ್ಮ ಹರಳಿನ ರಚನೆ ಬದಲಿಸಿ ಒಮ್ಮೆಗೇ ಹಿಗ್ಗುತ್ತವೆ. ಇದರ ಜೊತೆಗೆ ಹಿಟ್ಟು ಗಟ್ಟಿಯಾಗುವಾಗಲೂ ಒಂದಿಷ್ಟು ಹಿಗ್ಗು ಸಿಗುತ್ತದೆ. ಗಟ್ಟಿಯಾಗುವ ಹೊತ್ತಿಗೆ ನೀರು ಸಿಕ್ಕರೆ ಇನ್ನೂ ಹೆಚ್ಚು. ಚಿನ್ನಕ್ಕೆ ಜಿಪ್ಸಂ ಬೆರೆತ ಹಿಟ್ಟು ಸಾಕಾಗುತ್ತಿತ್ತು. ಅದನ್ನು 700 ಡಿಗ್ರಿ ದಾಟಿಸಿ ಕಾಯಿಸಿದರೆ ಮೇಣದ ಇಂಗಾಲದ ಜೊತೆ ಸೇರಿ ಜಿಪ್ಸಂ ಒಡೆಯುತ್ತದೆ, ಗಂಧಕದ ಅನಿಲ ಲೋಹವನ್ನು ಕೆಡಿಸುತ್ತದೆ. 1970ರ ದಶಕದಲ್ಲಿ ಚಿನ್ನದ ಬೆಲೆ ಏರಿದ ಮೇಲೆ ನಿಕ್ಕಲ್ ಮತ್ತು ಕೋಬಾಲ್ಟಿನ ಮಿಶ್ರಲೋಹಗಳು ಬಂದವು. ಅವು ಹೆಚ್ಚು ಬಿಸಿಗೆ ಕರಗುತ್ತವೆ, ಹೆಚ್ಚು ಕುಗ್ಗುತ್ತವೆ. ಅವಕ್ಕೆ ಬೇಕಾದದ್ದು ಫಾಸ್ಫೇಟ್ ಬೆರೆತ ಹಿಟ್ಟು. ಅದನ್ನು ಕಲಸುವುದು ಕೊಲಾಯ್ಡಲ್ ಸಿಲಿಕಾ ಇರುವ ವಿಶೇಷ ದ್ರಾವಣದಲ್ಲಿ. ದ್ರಾವಣ ಹೆಚ್ಚಾದಷ್ಟು ಹಿಗ್ಗು ಹೆಚ್ಚು, ಡಿಸ್ಟಿಲ್ಡ್ ನೀರು ಬೆರೆಸಿದಷ್ಟು ಕಡಿಮೆ. ಕ್ಯಾಪ್ ಬಿಗಿಯೋ ಸಡಿಲವೋ ಎಂಬುದನ್ನು ತಂತ್ರಜ್ಞ ತನ್ನ ಕೈಯಾರೆ ತಿದ್ದುವ ಜಾಗ ಇದೇ. ಈ ಅನುಪಾತವನ್ನು ಅಳೆಯದೆ ಕೈಯಂದಾಜಿನಲ್ಲಿ ಕಲಸಿದರೆ, ಅಥವಾ ನಿಕ್ಕಲ್-ಕ್ರೋಮಿಯಂಗೆ ಹೊಂದಿದ ಅನುಪಾತದಲ್ಲೇ ಬೇರೆ ಮಿಶ್ರಲೋಹಕ್ಕೂ ಕಲಸಿದರೆ, ಎಷ್ಟೇ ಚೆಂದದ ಮೇಣದ ಕೆಲಸವಾದರೂ ಅಲ್ಲಿಗೇ ಮುಗಿಯಿತು.

ಇನ್ನು ಕಲಸುವ ರೀತಿ. ಗಾಳಿ ಹೀರಿ ನಿರ್ವಾತದಲ್ಲಿ ಕಲಸಿದರೆ ಗುಳ್ಳೆಗಳು ಕಡಿಮೆ. ಕೈಯಲ್ಲೇ ಕಲಸಿದಾಗ ಮೇಣದ ಒಳಮೈಗೆ ಅಂಟಿಕೊಂಡ ಒಂದು ಗುಳ್ಳೆ ಎರಕದಲ್ಲಿ ಸಾಸಿವೆಗಿಂತ ಸಣ್ಣ ಲೋಹದ ಗುಂಡಾಗಿ ಉಳಿಯುತ್ತದೆ, ಇಡೀ ಕ್ಯಾಪನ್ನು ಎತ್ತಿ ಹಿಡಿಯಲು ಅದೊಂದೇ ಸಾಕು. ಅಚ್ಚಿನ ಹಿಟ್ಟನ್ನು ಸುರಿಯುವ ಲೋಹದ ಬಳೆ ಹಿಗ್ಗನ್ನು ತಡೆಯುತ್ತದೆ. ಅದಕ್ಕೇ ಒಳಗೆ ಮೆತ್ತನೆಯ ಪಟ್ಟಿ ಹಾಸುತ್ತಾರೆ. ಒಂದು ಕಾಲಕ್ಕೆ ಅದು ಆಸ್ಬೆಸ್ಟಾಸ್ ಆಗಿತ್ತು, ಕೆಲಸಗಾರರ ಶ್ವಾಸಕೋಶಕ್ಕೆ ಅಪಾಯವೆಂದು ತಿಳಿದ ಮೇಲೆ ಬಿಟ್ಟರು. ಈಗ ಹಿಟ್ಟು ಗಟ್ಟಿಯಾದ ಮೇಲೆ ಕಳಚಿ ತೆಗೆಯುವ ಪ್ಲಾಸ್ಟಿಕ್ ಬಳೆಯ ಕ್ರಮವೂ ಇದೆ. ಹೆಚ್ಚು ಕುಗ್ಗುವ ಲೋಹಕ್ಕೆ ಅದು ಒಳ್ಳೆಯ ಆಯ್ಕೆ ಎಂದು ನನಗನಿಸುತ್ತದೆ, ಏಕೆಂದರೆ ಅಚ್ಚು ಎಲ್ಲ ಕಡೆಗೂ ತಡೆಯಿಲ್ಲದೆ ಹಿಗ್ಗಬಲ್ಲದು. ಮೇಣದ ವಿಷಯದಲ್ಲಿ ಒಂದೇ ಮಾತು: ಬಿಸಿಗೆ ಬೇಗ ಹಿಗ್ಗಿ, ಬಗ್ಗಿಸಿದ್ದನ್ನು ಮೆಲ್ಲಗೆ ಮರಳಿಸುವ ವಸ್ತು ಅದು. ಮೇಣದಚ್ಚು ಮುಗಿದ ತಕ್ಷಣ ಹಿಟ್ಟಿಗೆ ಇಳಿಯಬೇಕು, ಸಂಜೆಯ ಕೆಲಸ ಮರುದಿನ ಬೆಳಿಗ್ಗೆವರೆಗೆ ಕಾದರೆ ಅಂಚು ಆಗಲೇ ಅಲುಗಿರುತ್ತದೆ.

ಎರೆಯುವ ಯಂತ್ರಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಗ್ಯಾಸ್ ಜ್ವಾಲೆಯಲ್ಲಿ ಕರಗಿಸಿ ಗರಗರ ತಿರುಗುವ ತೋಳಿನಿಂದ ಎಸೆಯುವ ಹಳೆಯ ಯಂತ್ರವಿರಲಿ, ವಿದ್ಯುತ್ ಇಂಡಕ್ಷನ್ನಿನಲ್ಲಿ ಕರಗಿಸುವ ಹೊಸದಿರಲಿ, ಕೆಲಸ ಒಂದೇ: ಕೂದಲಿನಷ್ಟು ತೆಳುವಾದ ಅಂಚಿನವರೆಗೆ ಲೋಹವನ್ನು ಆರುವ ಮೊದಲೇ ತಲುಪಿಸುವುದು. ಅಚ್ಚಿನೊಳಗಿನ ಗಾಳಿ ಹೊರಹೋಗಲು ದಾರಿಯಿಲ್ಲದಿದ್ದರೆ ಅಂಚು ಮೊಂಡಾಗಿ, ಗುಂಡಗಾಗಿ ನಿಲ್ಲುತ್ತದೆ. ಜ್ವಾಲೆಯ ವಿಧಾನದಲ್ಲಿ ಲೋಹ ಕರಗಿದ ಹದವನ್ನು ಕಣ್ಣಳತೆಯಲ್ಲೇ ಹಿಡಿಯಬೇಕು, ಹದ ಮೀರಿದರೆ ಲೋಹ ಕೆಡುತ್ತದೆ. ಅನುಭವಿಯ ಕಣ್ಣಿಗೆ ಅದು ಸಾಧ್ಯ.

ನಿಜವಾದ ವಾಗ್ವಾದ ಇರುವುದು ವೇಗದ ಬಗ್ಗೆ. ಸಾಂಪ್ರದಾಯಿಕ ಕ್ರಮದಲ್ಲಿ ಅಚ್ಚು ಗಟ್ಟಿಯಾಗಲು ಸುಮಾರು ಒಂದು ಗಂಟೆ ಬಿಟ್ಟು, ತಣ್ಣಗಿನ ಕುಲುಮೆಯಲ್ಲಿಟ್ಟು, ಮೆಟ್ಟಿಲು ಮೆಟ್ಟಿಲಾಗಿ ಗಂಟೆಗಟ್ಟಲೆ ಕಾಯಿಸುತ್ತಾರೆ. ವೇಗದ ಕ್ರಮದಲ್ಲಿ ಕಾಲು ಗಂಟೆಯ ಹೊತ್ತಿಗೆ ಅಚ್ಚನ್ನು ನೇರವಾಗಿ 800 ಡಿಗ್ರಿ ದಾಟಿದ ಕುಲುಮೆಗೆ ಇಡುತ್ತಾರೆ, ಸ್ವಲ್ಪ ಹೊತ್ತಿನಲ್ಲೇ ಎರಕ ಮುಗಿಯುತ್ತದೆ. ‘ಅರ್ಜೆಂಟ್ ಕೆಲಸ, ಅದಕ್ಕೇ ಹೀಗಾಯಿತು’ ಎಂದು ವೇಗವನ್ನು ದೂರುವವರು ಬಹಳ. ಆದರೆ 1990ರ ದಶಕದ ಕೊನೆಯಲ್ಲಿ ಎರಡನ್ನೂ ಅಳೆದು ಹೋಲಿಸಿದ ಪ್ರಯೋಗಾಲಯ ಅಧ್ಯಯನಗಳಲ್ಲಿ, ವೇಗದ ಕ್ರಮದಿಂದ ಮಾಡಿದ ಕ್ಯಾಪ್‌ಗಳ ಅಂಚುಗಳು ಸಾಂಪ್ರದಾಯಿಕ ಕ್ಯಾಪ್‌ಗಳಿಗೆ ಸಾಟಿಯಾಗಿಯೇ ಕೂತವು. ಆದ್ದರಿಂದ ವೇಗವೇ ಅಪರಾಧಿ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಆದರೆ ಆ ಫಲಿತಾಂಶ ಬಂದದ್ದು ವೇಗಕ್ಕೆ ಹೊಂದಿದ ಹಿಟ್ಟನ್ನು, ಅದರ ನಿಮಿಷ ಮತ್ತು ಅಳತೆ ತಪ್ಪದೆ, ಬಳಸಿದಾಗ. ಫಾಸ್ಫೇಟ್ ಹಿಟ್ಟು ಗಟ್ಟಿಯಾಗುವಾಗ ತಾನೇ ಬಿಸಿಯಾಗುತ್ತದೆ. ಆ ಬಿಸಿಯ ಶಿಖರದ ಹೊತ್ತಿಗೆ ಸರಿಯಾಗಿ ಅದು ಕುಲುಮೆ ಸೇರಬೇಕು. ಮೊದಲೇ ಇಟ್ಟರೆ ಒಳಗಿನ ಹಬೆ ಅಚ್ಚನ್ನು ಸೀಳುತ್ತದೆ, ತಡವಾದರೂ ಬಿರುಕು ಬಿಡುತ್ತದೆ. ಆ ಬಿರುಕಿಗೆ ನುಗ್ಗಿದ ಲೋಹ ತೆಳು ರೆಕ್ಕೆಯಾಗಿ ಕ್ಯಾಪ್‌ಗೆ ಅಂಟಿ ಬರುತ್ತದೆ. ನಿಧಾನದ ಹಿಟ್ಟನ್ನು ಅವಸರಕ್ಕೆ ಬಳಸುವುದು, ಅಥವಾ ಅವಸರದ ಹಿಟ್ಟನ್ನು ಮೇಜಿನ ಮೇಲೆ ಮರೆತು ಊಟಕ್ಕೆ ಹೋಗುವುದು ತಪ್ಪು, ವೇಗ ತಪ್ಪಲ್ಲ.

ಇದರಲ್ಲಿ ನಮ್ಮ ಊರಿನ ಹವೆಗೂ ಪಾಲಿದೆ. ಕಂಪನಿಗಳು ಹೇಳುವ ನಿಮಿಷಗಳು ಸುಮಾರು 20ರಿಂದ 23 ಡಿಗ್ರಿಯ ಕೋಣೆಗೆ ಲೆಕ್ಕ ಹಾಕಿದವು. ಏಪ್ರಿಲ್ ಮಧ್ಯಾಹ್ನ ಬೆಂಗಳೂರು 34-35 ಡಿಗ್ರಿ ಮುಟ್ಟುತ್ತದೆ, ತಗಡಿನ ಛಾವಣಿಯ ಕೋಣೆಯಲ್ಲಿ ಇನ್ನೂ ಹೆಚ್ಚು. ಹಿಟ್ಟು ಸುರಿಯುವ ಮೊದಲೇ ಗಟ್ಟಿಯಾಗತೊಡಗುತ್ತದೆ. ಮಳೆಗಾಲದಲ್ಲಿ ತೆರೆದಿಟ್ಟ ಪೊಟ್ಟಣ ತೇವ ಹೀರುತ್ತದೆ. ಅಚ್ಚು ಕಾಯುತ್ತಿರುವಾಗ ಕರೆಂಟ್ ಹೋಗಿ ಕುಲುಮೆ ಆರಿದರೆ ಸಿಲಿಕಾ ಹಿಗ್ಗಿದ ದಾರಿಯಲ್ಲೇ ಕುಗ್ಗುತ್ತದೆ, ಅಚ್ಚಿನಲ್ಲಿ ಕಾಣದ ಬಿರುಕುಗಳು ಮೂಡುತ್ತವೆ. ಮತ್ತೆ ಕಾಯಿಸಿ ಎರೆದರೆ ಮೊದಲಿನ ಅಳತೆ ಬರುವುದಿಲ್ಲ. ಅಂಥ ಅಚ್ಚನ್ನು ಎಸೆದು ಮೇಣದಿಂದ ಮತ್ತೆ ಶುರು ಮಾಡಬೇಕು. ಕಡಿಮೆ ದರಕ್ಕೆ, ನಾಳೆಯೇ ಬೇಕೆಂದು ಒಪ್ಪಿಸಿಕೊಂಡ ಕೆಲಸದಲ್ಲಿ ಆ ಎಸೆಯುವ ಧೈರ್ಯ ಎಲ್ಲಿಂದ ಬರಬೇಕು?

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಎರಕದ ಕಾಲ ಮುಗಿಯಿತು, ಈಗ ಸ್ಕ್ಯಾನರ್, ಕಂಪ್ಯೂಟರ್, ಲೇಸರ್, ಜಿರ್ಕೋನಿಯಾ. ಹಿಟ್ಟು ಕಲಸುವ ಚಿಂತೆ ಯಾಕೆ? ಆಕ್ಷೇಪದಲ್ಲಿ ಸತ್ಯಾಂಶ ಇದೆ, ಲೋಹದ ಎರಕ ಕಡಿಮೆಯಾಗುತ್ತಿದೆ. ಆದರೂ ಮುಗಿದಿಲ್ಲ. ಒತ್ತಿ ತುಂಬುವ ಗಾಜಿನಂಥ ಸೆರಾಮಿಕ್ ಕ್ಯಾಪ್‌ಗಳಿಗೆ ಇಂದಿಗೂ ಮೇಣ, ಫಾಸ್ಫೇಟ್ ಹಿಟ್ಟು, ಕುಲುಮೆಯೇ ಬೇಕು. ಮೇಣದ ಬದಲು ತ್ರೀಡಿ ಪ್ರಿಂಟರಿನ ರಾಳದ ಮಾದರಿ ಬಂದರೂ ಮುಂದಿನ ದಾರಿ ಅದೇ. ಜಿರ್ಕೋನಿಯಾ ಕೂಡ ಕುಲುಮೆಯಲ್ಲಿ ಸುಡುವಾಗ ಸುಮಾರು ಶೇ. 20ರಷ್ಟು ಕುಗ್ಗುತ್ತದೆ, ಆದ್ದರಿಂದ ಅದನ್ನು ಮೊದಲೇ ಅದಕ್ಕೆ ತಕ್ಕಷ್ಟು ದೊಡ್ಡದಾಗಿ ಕೊರೆಯುತ್ತಾರೆ. ಎಷ್ಟು ದೊಡ್ಡದು ಎಂಬ ಅಂಕಿ ಕೊರೆಯುವ ಆಯಾ ಜಿರ್ಕೋನಿಯಾ ಬಿಲ್ಲೆಯ ಮೇಲೆ ಬರೆದಿರುತ್ತದೆ; ಅದನ್ನು ತಪ್ಪಾಗಿ ನಮೂದಿಸಿದರೆ, ಸುಡುವ ವೇಳಾಪಟ್ಟಿಯನ್ನು ಅವಸರಿಸಿದರೆ, ದುಬಾರಿ ಕ್ಯಾಪ್ ಕೂಡ ಹಲ್ಲಿನ ಮೇಲೆ ಕೂರುವುದಿಲ್ಲ. ಕುಗ್ಗನ್ನು ಹಿಗ್ಗಿನಿಂದ ಸರಿದೂಗಿಸುವ ಸಮಸ್ಯೆ ಹಾಗೇ ಇದೆ, ಹಿಟ್ಟಿನ ಬಟ್ಟಲಿನಿಂದ ತಂತ್ರಾಂಶಕ್ಕೆ ಜಾಗ ಬದಲಿಸಿದೆ. ಎರಕದ ತರ್ಕ ಗೊತ್ತಿರುವವನಿಗೆ ಯಂತ್ರ ತಪ್ಪಿದಾಗ ಎಲ್ಲಿ ತಪ್ಪಿತು ಎಂದು ಹುಡುಕಲು ಬರುತ್ತದೆ.

ಈ ಕೆಲಸ ಮಾಡುವವರು ಯಾರು? 1948ರ ದಂತವೈದ್ಯರ ಕಾಯಿದೆ ಡೆಂಟಲ್ ಮೆಕ್ಯಾನಿಕ್ ಎಂಬ ವರ್ಗವನ್ನು ಗುರುತಿಸಿ ನೋಂದಣಿಯ ವ್ಯವಸ್ಥೆ ಮಾಡಿತು. ಆದರೆ ರೋಗಿಗೆ ಅವರ ಮುಖ ಕಾಣುವುದಿಲ್ಲ, ಬಿಲ್ಲಿನಲ್ಲಿ ಅವರ ಹೆಸರಿಲ್ಲ. ಒಡೆದ ಅಚ್ಚಿನ ಸಿಲಿಕಾ ಧೂಳು, ಅರೆದ ನಿಕ್ಕಲ್ಲಿನ ಪುಡಿ ಅವರ ಉಸಿರಿಗೇ ಹೋಗುತ್ತದೆ. ಸಿಲಿಕೋಸಿಸ್ ಗಣಿ ಕಾರ್ಮಿಕರಿಗಷ್ಟೇ ಬರುವ ಕಾಯಿಲೆಯಲ್ಲ. ಧೂಳು ಹೀರುವ ಯಂತ್ರವಿಲ್ಲದ, ತಕ್ಕಡಿ ಮತ್ತು ನಿರ್ವಾತದ ಕಲಸುಯಂತ್ರವಿಲ್ಲದ ಕೋಣೆಯಲ್ಲಿ ಕೂತವನಿಂದ ಮೈಕ್ರಾನಿನ ಅಳತೆ ಕೇಳುವುದು ಅನ್ಯಾಯ. ಲ್ಯಾಬನ್ನು ದರದ ಮೇಲೆ ಮಾತ್ರ ಆರಿಸುವ ವೈದ್ಯರೂ, ವೈದ್ಯರನ್ನು ದರದ ಮೇಲೆ ಮಾತ್ರ ಆರಿಸುವ ನಾವೂ ಇದಕ್ಕೆ ಹೊಣೆ.

ವೈದ್ಯರಲ್ಲಿ ನನ್ನ ಕೋರಿಕೆ ಇಷ್ಟು. ಲ್ಯಾಬಿಗೆ ಕಳಿಸುವ ಚೀಟಿಯಲ್ಲಿ ಬಣ್ಣದ ಸಂಖ್ಯೆಯ ಜೊತೆಗೆ ಯಾವ ಮಿಶ್ರಲೋಹ, ಯಾವ ಹಿಟ್ಟು, ದ್ರಾವಣದ ಅನುಪಾತ ಎಷ್ಟು ಎಂಬುದೂ ದಾಖಲಾಗಲಿ. ಬಿಗಿಯಾದ ಕ್ಯಾಪನ್ನು ಒಳಗೆ ಉಜ್ಜಿ ಉಜ್ಜಿ ಕೂರಿಸುವ ಬದಲು ವಾಪಸು ಕಳಿಸಿ, ಮತ್ತೆ ಮಾಡಿದ್ದಕ್ಕೆ ಕೂಲಿ ಕೊಡಿ. ಅಂಟಿಸುವ ಮೊದಲು ತೆಳು ಸಿಲಿಕೋನ್ ಹಚ್ಚಿ ಎಲ್ಲಿ ತಾಗುತ್ತಿದೆ ಎಂದು ನೋಡಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಸುಲ್ತಾನ್‌ಪೇಟೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿರುವ ಸರ್ಕಾರಿ ದಂತವೈದ್ಯಕೀಯ ಕಾಲೇಜು ಒಂದು ಅಳತೆಯ ಮೇಜನ್ನು ಸಾರ್ವಜನಿಕ ಸೇವೆಯಾಗಿ ತೆರೆಯಬಹುದು: ನಗರದ ಯಾವ ಸಣ್ಣ ಲ್ಯಾಬಿನವರೂ ಒಂದೇ ಮಾದರಿಯ ಪಡಿಯಚ್ಚಿನ ಮೇಲೆ ತಮ್ಮ ಕ್ಯಾಪ್ ತಂದು, ಸೂಕ್ಷ್ಮದರ್ಶಕದಲ್ಲಿ ಸಂದು ಅಳೆಸಿ, ತಮ್ಮ ಹಿಟ್ಟು-ದ್ರಾವಣದ ಲೆಕ್ಕ ತಿದ್ದಿಕೊಂಡು ಹೋಗುವ ಹಾಗೆ. ದುಬಾರಿ ಯೋಜನೆ ಏನಲ್ಲ, ಬೇಕಾದ ಉಪಕರಣ ಮತ್ತು ಕಲಿಯುವ ವಿದ್ಯಾರ್ಥಿಗಳು ಅಂಥ ಕಾಲೇಜುಗಳಲ್ಲೇ ಸಿಗುತ್ತಾರೆ. ಓದುಗರು ಮುಂದಿನ ಸಲ ಕ್ಯಾಪ್ ಹಾಕಿಸುವಾಗ ದರದ ಪಟ್ಟಿ ಪಕ್ಕಕ್ಕಿಟ್ಟು ಒಂದು ಪ್ರಶ್ನೆ ಕೇಳಿ: ‘ಡಾಕ್ಟ್ರೇ, ಅಂಚು ಪೂರ್ತಿ ಕೂತಿದೆಯಾ, ಅಂಟಿಸೋ ಮೊದಲು ಒಂದ್ಸಲ ಪರೀಕ್ಷೆ ಮಾಡ್ತೀರಾ?’